ಪೆಟ್ಟಿಗೆಯ ಮೇಲಿನ ವೇಗ, ಲೋಲಕ ತೋರಿಸಿದ ವೇಗ: ಎರಡು ಸ್ಪ್ರಿಂಗ್ ಏರ್ ರೈಫಲ್‌ಗಳನ್ನು ಹೋಲಿಸಿದ ಅನುಭವ

ನನ್ನ ಬಳಿ 4.5 ಮಿ.ಮೀ. ನಳಿಗೆ ವ್ಯಾಸದ ಎರಡು ಸ್ಪ್ರಿಂಗ್-ಪಿಸ್ಟನ್ ಏರ್ ರೈಫಲ್‌ಗಳಿದ್ದವು; ಸ್ಪ್ರಿಂಗ್ ತಳ್ಳುವ ಪಿಸ್ಟನ್ ಗಾಳಿಯನ್ನು ಒತ್ತಿ, ಆ ಗಾಳಿಯಿಂದ ಗುಂಡು ಹಾರಿಸುವ ಬಗೆ ಇವು. ಒಂದರ ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 1000 ಅಡಿ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಇನ್ನೊಂದರ ಕೈಪಿಡಿಯಲ್ಲಿ 800 ಅಡಿ ಎಂದೂ, ಅದರ ಪಕ್ಕದಲ್ಲೇ ಪರೀಕ್ಷೆಗೆ ಬಳಸಿದ ಪೆಲೆಟ್‌ನ, ಎಂದರೆ ಏರ್ ರೈಫಲ್‌ನ ಪುಟ್ಟ ಗುಂಡಿನ, ತೂಕವನ್ನೂ ಕೊಟ್ಟಿದ್ದರು. ಪೆಲೆಟ್‌ನ ತೂಕ ಹೇಳದೆ ಬರೀ ವೇಗ ಹೇಳುವುದರಲ್ಲಿ ಅರ್ಥವಿಲ್ಲ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಅದನ್ನು ಅಳೆದೇ ನೋಡಬೇಕೆಂದು ತೀರ್ಮಾನಿಸಿದೆ.

ಅಳೆಯುವ ಮೊದಲು ಕಾಗದದ ಮೇಲೆಯೇ ಒಂದಿಷ್ಟು ಲೆಕ್ಕ ಹಾಕಬಹುದು. ಪೆಲೆಟ್‌ನ ತೂಕವನ್ನು ಗ್ರಾಂನಲ್ಲಿ ತೆಗೆದುಕೊಂಡು, ಮೀಟರ್‌ನಲ್ಲಿರುವ ವೇಗದ ವರ್ಗದಿಂದ ಗುಣಿಸಿ, 2000ದಿಂದ ಭಾಗಿಸಿದರೆ ಶಕ್ತಿ ಜೌಲ್‌ಗಳಲ್ಲಿ ಸಿಗುತ್ತದೆ. 1000 ಅಡಿ ಎಂದರೆ ಸುಮಾರು 305 ಮೀಟರ್. ಆ ವೇಗದಲ್ಲಿ 0.35 ಗ್ರಾಂನ ಹಗುರ ಮಿಶ್ರಲೋಹದ ಪೆಲೆಟ್ ಹೊರಟರೆ 16.3 ಜೌಲ್, 0.45 ಗ್ರಾಂನ ಸೀಸದ್ದಾದರೆ 20.9 ಜೌಲ್, 0.547 ಗ್ರಾಂನ ಸಾಮಾನ್ಯ ಗುಮ್ಮಟತಲೆಯ ಪೆಲೆಟ್ ಆದರೆ 25.4 ಜೌಲ್ ಆಗುತ್ತದೆ. ಒಂದೇ ಅಂಕಿಯ ಹಿಂದೆ ಮೂರು ಬೇರೆ ಬೇರೆ ದರ್ಜೆಯ ರೈಫಲ್‌ಗಳು ಅಡಗಿರಬಹುದು. ಇನ್ನೂ ಸ್ವಾರಸ್ಯವೆಂದರೆ, ನಮ್ಮ ದೇಶದ 2016ರ ಆಯುಧ ನಿಯಮಗಳಲ್ಲಿರುವ 20 ಜೌಲ್ ಮಿತಿಯೊಳಗೆ ಇದೆ ಎಂಬ ಮಾತೂ ನನ್ನ ಮೊದಲ ರೈಫಲ್‌ನ ಅದೇ ಪೆಟ್ಟಿಗೆಯ ಮೇಲಿತ್ತು. ಎರಡು ಹೇಳಿಕೆಗಳೂ ನಿಜವಾಗಬೇಕಾದರೆ ಪೆಲೆಟ್ 0.43 ಗ್ರಾಂಗಿಂತ ಹಗುರವಾಗಿರಬೇಕು; ನಾನು ಅಂಗಡಿಯಿಂದ ತರುವ ಸೀಸದ ಪೆಲೆಟ್‌ಗಳಲ್ಲಿ ಅಷ್ಟು ಹಗುರವಾದದ್ದು ಒಂದೂ ಇರಲಿಲ್ಲ.

ವಿದೇಶಿ ಪರೀಕ್ಷಾ ವರದಿಗಳನ್ನು ನೆಚ್ಚಿಕೊಳ್ಳುವಾಗಲೂ ಎಚ್ಚರ ಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪರವಾನಗಿಯಿಲ್ಲದ ಏರ್ ರೈಫಲ್‌ಗಳಿಗೆ 12 ಅಡಿ-ಪೌಂಡ್, ಎಂದರೆ ಸುಮಾರು 16.3 ಜೌಲ್ ಮಿತಿಯಿದೆ. ಜರ್ಮನಿಯಲ್ಲಿ ಐದು ಕೋನದ ಚೌಕಟ್ಟಿನೊಳಗೆ ‘ಎಫ್’ ಗುರುತಿರುವ ರೈಫಲ್‌ಗಳು 7.5 ಜೌಲ್ ದಾಟುವಂತಿಲ್ಲ. ವೈರಾಖ್, ಡಯಾನಾ ಮುಂತಾದ ಕಂಪನಿಗಳು ಒಂದೇ ಮಾದರಿಯನ್ನು ದೇಶಕ್ಕೆ ತಕ್ಕಂತೆ ಬೇರೆ ಬೇರೆ ಶಕ್ತಿಗೆ ಹೊಂದಿಸಿ ಮಾರುತ್ತವೆ. 0.547 ಗ್ರಾಂ ಪೆಲೆಟ್‌ಗೆ 7.5 ಜೌಲ್ ಎಂದರೆ ಸೆಕೆಂಡಿಗೆ ಕೇವಲ 165 ಮೀಟರ್, 16.3 ಜೌಲ್ ಎಂದರೆ 244 ಮೀಟರ್. ಆದ್ದರಿಂದ ಮಾದರಿಯ ಹೆಸರೊಂದನ್ನೇ ಹಿಡಿದು ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಗುಂಡಿನ ವೇಗ ಅಳೆಯುವ ಉಪಕರಣವಾದ ಕ್ರೋನೋಗ್ರಾಫ್ ಕೈಗೆ ಸಿಗುವುದಕ್ಕೂ ಮುಂಚೆ ನಾನು ಬಳಸಿದ್ದು ಲೋಲಕವನ್ನು. ಗುಂಡಿನ ವೇಗವನ್ನು ಹೀಗೆ ತೂಗುವ ಮರದ ದಿಮ್ಮಿಯಿಂದ ಅಳೆಯುವ ಕ್ರಮವನ್ನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿಯೇ ಪ್ರಕಟಿಸಿದ್ದರು. ನಾನು ಮರದ ತುಂಡೊಂದನ್ನು ಕೊರೆದು, ಒಳಗೆ ಮಕ್ಕಳು ಆಡುವ ಬಣ್ಣದ ಜೇಡಿಯನ್ನು ಒತ್ತಿ ತುಂಬಿ, ಒಟ್ಟು ತೂಕ 500 ಗ್ರಾಂ ಆಗುವಂತೆ ನೋಡಿಕೊಂಡೆ. ತಿರುಚಿಕೊಳ್ಳದಂತೆ ನಾಲ್ಕು ಮೂಲೆಗಳಿಗೂ ದಾರ ಕಟ್ಟಿ, ಒಂದು ಮೀಟರ್ ಕೆಳಗೆ ಇಳಿಬಿಟ್ಟೆ. ತುಂಡಿನ ಹಿಂದೆ ಗ್ರಾಫ್ ಹಾಳೆಯ ಮೇಲೆ ಹಗುರವಾದ ಕಾಗದದ ಪಟ್ಟಿಯೊಂದನ್ನು ಇಟ್ಟಿದ್ದೆ. ತುಂಡು ಅದನ್ನು ತಳ್ಳಿ ಮರಳಿ ಬಂದ ಮೇಲೂ ಪಟ್ಟಿ ತಳ್ಳಿದ ಜಾಗದಲ್ಲೇ ನಿಲ್ಲುತ್ತಿತ್ತು. ನಳಿಗೆಯಿಂದ ಬರುವ ಗಾಳಿಯೂ ತುಂಡನ್ನು ನೂಕಬಾರದೆಂದು ನಡುವೆ ತೂತು ಮಾಡಿದ ರಟ್ಟನ್ನು ಅಡ್ಡ ನಿಲ್ಲಿಸಿದ್ದೆ. ತುಂಡು ಹಿಂದೆ ಸರಿದ ದೂರದಿಂದ ಪೆಲೆಟ್‌ನ ವೇಗ ಲೆಕ್ಕಕ್ಕೆ ಸಿಗುತ್ತದೆ. ಇಂಥ ಲೋಲಕದಲ್ಲಿ 244 ಮೀಟರ್ ವೇಗದ 0.547 ಗ್ರಾಂ ಪೆಲೆಟ್ ತುಂಡನ್ನು ಸುಮಾರು 8.5 ಸೆಂ.ಮೀ. ಹಿಂದಕ್ಕೆ ಒಯ್ಯುತ್ತದೆ. ಓದುವುದರಲ್ಲಿ ಒಂದು ಮಿ.ಮೀ. ಹೆಚ್ಚುಕಡಿಮೆಯಾದರೆ ವೇಗದಲ್ಲಿ ಶೇ. 1.2ರಷ್ಟು, ಶಕ್ತಿಯಲ್ಲಿ ಅದರ ಎರಡರಷ್ಟು ವ್ಯತ್ಯಾಸ ಬರುತ್ತದೆ. ಒಳಹೊಕ್ಕ ಪೆಲೆಟ್‌ಗಳೂ ತೂಕ ಕೂಡಿಸುತ್ತವೆ; ಹತ್ತು ಹೊಡೆತಕ್ಕೆ ತುಂಡು ಶೇ. 1ಕ್ಕಿಂತ ತುಸು ಹೆಚ್ಚು ಭಾರವಾಗುವುದರಿಂದ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಿಂದೆ ಗಟ್ಟಿಯಾದ ತಡೆಗೋಡೆಯೂ ಕಣ್ಣಿಗೆ ಕನ್ನಡಕವೂ ಇರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮುಂದೆ ಗೆಳೆಯರೊಬ್ಬರಿಂದ ಕ್ರೋನೋಗ್ರಾಫ್ ತಂದು ಅದೇ ಪೆಲೆಟ್‌ಗಳನ್ನು ಹೊಡೆದಾಗ ಲೋಲಕದ ಅಂಕಿಗಳು ಅದಕ್ಕೆ ಚೆನ್ನಾಗಿಯೇ ಹೊಂದಿಕೊಂಡವು. ಆದರೆ ಕ್ರೋನೋಗ್ರಾಫ್‌ಗೂ ತನ್ನದೇ ಹಟಗಳಿವೆ. ಅದರ ಎರಡು ಕಣ್ಣುಗಳು ಪೆಲೆಟ್‌ನ ನೆರಳನ್ನು ನೋಡಿ ಸಮಯ ಲೆಕ್ಕ ಹಾಕುವುದರಿಂದ, ಸೆಕೆಂಡಿಗೆ ನೂರು ಬಾರಿ ಮಿನುಗುವ ಟ್ಯೂಬ್‌ಲೈಟ್‌ನ ಕೆಳಗೆ ಅದು ಇಲ್ಲದ ವೇಗಗಳನ್ನೆಲ್ಲ ತೋರಿಸುತ್ತದೆ. ನಾನು ಬೆಳಗಿನ ನೆರಳಿನಲ್ಲಿ, ಹೊರಗೆ ಇಟ್ಟು ಅಳೆದೆ. ಇನ್ನೊಂದು ಮಾತು: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ಸ್ಪ್ರಿಂಗ್ ರೈಫಲ್ ಸುತ್ತಲಿನ ಗಾಳಿಯನ್ನೇ ಒತ್ತಿ ಕೆಲಸ ಮಾಡುವುದರಿಂದ, ಮಂಗಳೂರಿನಲ್ಲಿ ಅಳೆದ ಅಂಕಿಯನ್ನು ಇಲ್ಲಿನದರ ಪಕ್ಕದಲ್ಲಿಟ್ಟು ತೀರ್ಪು ಕೊಡುವುದು ನನಗೆ ಸರಿಯೆನಿಸುವುದಿಲ್ಲ.

ಪೆಲೆಟ್‌ನ ತೂಕಕ್ಕೆ ನಾನು ಡಬ್ಬಿಯ ಮೇಲಿನ ಅಂಕಿಯನ್ನು ನಂಬಲಿಲ್ಲ. ಒಂದೊಂದನ್ನೇ ತೂಗಿದರೆ ಸಣ್ಣ ತಕ್ಕಡಿ ತಪ್ಪು ಹೇಳುತ್ತದೆ. ನೂರನ್ನು ಒಟ್ಟಿಗೆ ತೂಗಿ ಭಾಗಿಸಿದರೆ ನಂಬಿಕೆಗೆ ಅರ್ಹವಾದ ಸರಾಸರಿ ಸಿಗುತ್ತದೆ. ಹೊಸ ರೈಫಲ್‌ನ ಮೊದಲ ಹೊಡೆತಗಳನ್ನಂತೂ ಲೆಕ್ಕಕ್ಕೇ ಸೇರಿಸಲಿಲ್ಲ. ಸಿಲಿಂಡರಿನಲ್ಲಿ ಉಳಿದ ಎಣ್ಣೆ, ಗ್ರೀಸು ಒತ್ತಡದ ಬಿಸಿಗೆ ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಹೊತ್ತಿಕೊಂಡು, ನಳಿಗೆಯಿಂದ ಹೊಗೆ ಬರುತ್ತದೆ, ಸುಟ್ಟ ವಾಸನೆ ಬರುತ್ತದೆ, ವೇಗವೂ ಎಲ್ಲೆಲ್ಲಿಗೋ ಏರುತ್ತದೆ. ಜಾಹೀರಾತಿನ ಕೆಲವು ಅಂಕಿಗಳು ಇಂಥ ಹೊಡೆತಗಳಿಂದಲೇ ಹುಟ್ಟಿರಬಹುದೆಂದು ನನ್ನ ಊಹೆ.

‘1000 ಅಡಿ’ಯ ರೈಫಲ್ ಪಳಗಿದ ಮೇಲೆ 0.45 ಗ್ರಾಂ ಪೆಲೆಟ್‌ಗೆ ಸೆಕೆಂಡಿಗೆ ಸುಮಾರು 265 ಮೀಟರ್, 0.547 ಗ್ರಾಂಗೆ 242, 0.69 ಗ್ರಾಂಗೆ 206 ಮೀಟರ್ ವೇಗ ಕೊಟ್ಟಿತು. ಶಕ್ತಿಯಲ್ಲಿ ಹೇಳುವುದಾದರೆ ಕ್ರಮವಾಗಿ 15.8, 16.0 ಮತ್ತು 14.6 ಜೌಲ್. ಮಧ್ಯಮ ತೂಕದಲ್ಲೇ ಶಕ್ತಿ ಹೆಚ್ಚಿರುವುದಕ್ಕೆ ಪಿಸ್ಟನ್‌ನ ಚಲನೆ ಕಾರಣ. ಪೆಲೆಟ್ ತೀರ ಹಗುರವಾದರೆ, ಒತ್ತಡ ಪೂರ್ತಿ ಏರುವ ಮೊದಲೇ ಅದು ಜಾರಿಹೋಗಿ, ತಡೆಯುವ ಗಾಳಿಯಿಲ್ಲದ ಪಿಸ್ಟನ್ ಸಿಲಿಂಡರಿನ ಕೊನೆಗೆ ಬಡಿಯುತ್ತದೆ. ತೀರ ಭಾರವಾದರೆ ಅದು ಕದಲುವುದರೊಳಗೆ ಪಿಸ್ಟನ್ ಒತ್ತಿದ ಗಾಳಿಯ ಮೇಲೆಯೇ ಪುಟಿದು ಹಿಂದಕ್ಕೆ ಸರಿಯುತ್ತದೆ. ಹಗುರ ಪೆಲೆಟ್ ಹೊಡೆದಾಗ ಹಿಡಿಯಲ್ಲಿ ಸಿಗುವ ಗಡುಸಾದ ಏಟು ಇದನ್ನು ಯಾವ ಉಪಕರಣವೂ ಇಲ್ಲದೆ ತಿಳಿಸಿಬಿಡುತ್ತದೆ.

‘800 ಅಡಿ’ಯ ರೈಫಲ್ ಅದೇ 0.547 ಗ್ರಾಂ ಪೆಲೆಟ್‌ಗೆ 238 ಮೀಟರ್, ಎಂದರೆ 15.5 ಜೌಲ್ ಕೊಟ್ಟಿತು. ಅಡಿಯಲ್ಲಿ ಅದು ಸುಮಾರು 780. ಪೆಟ್ಟಿಗೆಯ ಮೇಲೆ 200 ಅಡಿ ಇದ್ದ ಅಂತರ ಅಳತೆಯಲ್ಲಿ ಅರ್ಧ ಜೌಲ್‌ಗೆ ಇಳಿದಿತ್ತು. 25 ಮೀಟರ್ ದೂರದ ಗುರಿಯಲ್ಲಿ ಇದರಿಂದ ಪೆಲೆಟ್‌ನ ಇಳಿತದಲ್ಲಿ ಬರುವ ವ್ಯತ್ಯಾಸ ಎರಡು ಮಿ.ಮೀ. ಆಸುಪಾಸು, ನನ್ನ ಕೈಯ ನಡುಕಕ್ಕಿಂತ ಎಷ್ಟೋ ಕಡಿಮೆ. ಬದಲಿಗೆ ಸ್ಪ್ರಿಂಗ್ ಎಳೆಯಲು ಬೇಕಾದ ಬಲವನ್ನು ಸಾಮಾನು ತೂಗುವ ಕೊಕ್ಕೆ ತಕ್ಕಡಿಯಿಂದ ನೋಡಿದಾಗ ಮೊದಲನೆಯದು ಎರಡನೆಯದಕ್ಕಿಂತ ಸ್ಪಷ್ಟವಾಗಿ ಹೆಚ್ಚು ಕೇಳುತ್ತಿತ್ತು; ಗಂಟೆಗಟ್ಟಲೆ ಅಭ್ಯಾಸ ಮಾಡುವವನಿಗೆ ಅರ್ಧ ಜೌಲ್‌ಗಿಂತ ಇದೇ ದೊಡ್ಡ ವಿಷಯ. ಎರಡನೆಯ ರೈಫಲ್‌ಅನ್ನೇ ಉಳಿಸಿಕೊಂಡಿದ್ದೇನೆ. ಸ್ಪ್ರಿಂಗ್ ಕಾಲಕ್ರಮದಲ್ಲಿ ಸಡಿಲವಾಗುವುದರಿಂದ, ಅದೇ ತಯಾರಿಕೆಯ ಪೆಲೆಟ್‌ಗಳ ಒಂದು ಡಬ್ಬಿಯನ್ನು ಪರೀಕ್ಷೆಗೆಂದೇ ಬೇರೆ ಇಟ್ಟಿದ್ದು, ಆಗಾಗ ಅಳೆದ ವೇಗವನ್ನು ಅಂದಿನ ಉಷ್ಣಾಂಶದ ಜೊತೆಗೆ ಪುಸ್ತಕದಲ್ಲಿ ಬರೆದಿಡುತ್ತೇನೆ. ಶಕ್ತಿ 14 ಜೌಲ್‌ಗಿಂತ ಕೆಳಗೆ ಇಳಿದರೆ ಮೊದಲು ಪಿಸ್ಟನ್ ಸೀಲ್, ಆಮೇಲೆ ಸ್ಪ್ರಿಂಗ್ ಬಿಚ್ಚಿ ನೋಡುವುದು ಎಂದುಕೊಂಡಿದ್ದೇನೆ.