ಗೀರನ್ನೂ ತೋರಿಸಿ ಕಾರು ಮಾರಿದ ಅನುಭವ

ನನ್ನ 2014ರ ವ್ಯಾಗನ್ ಆರ್ ಕಾರನ್ನು ಮಾರಲು ಅಂತರ್ಜಾಲದಲ್ಲಿ ಮೊದಲ ಸಲ ಜಾಹೀರಾತು ಹಾಕಿದಾಗ, ಮೈಸೂರಿನ ನಮ್ಮ ಮನೆಯ ಪೋರ್ಟಿಕೋದ ಅರೆಗತ್ತಲಲ್ಲಿ ನಿಂತಲ್ಲೇ ತೆಗೆದ ಮೂರು ಫೋಟೋಗಳನ್ನಷ್ಟೇ ಸೇರಿಸಿದ್ದೆ. ಕೇಳಿದ ಬೆಲೆ 2 ಲಕ್ಷ 60 ಸಾವಿರ. ಹತ್ತು ದಿನಗಳಲ್ಲಿ ಕರೆ ಮಾಡಿದ ಐದು ಮಂದಿಯೂ ಕಾರನ್ನು ಕಣ್ಣಾರೆ ನೋಡುವ ಮೊದಲೇ ಚೌಕಾಸಿಗೆ ಇಳಿದರು. ಯಾರೂ 2 ಲಕ್ಷ 10 ಸಾವಿರ ದಾಟಲಿಲ್ಲ. "ಬಲಗಡೆ ಬಾಗಿಲಿನ ಫೋಟೋನೇ ಇಲ್ವಲ್ಲ ಸರ್, ನೆಗ್ಗಿದೆಯಾ?" ಎಂದು ಒಬ್ಬರು ಕೇಳಿದರು. ಬಾಗಿಲಿಗೆ ಏನೂ ಆಗಿರಲಿಲ್ಲ. ಗೋಡೆ ಹತ್ತಿರವಿದ್ದುದರಿಂದ ಆ ಕಡೆ ನಿಂತು ಫೋಟೋ ತೆಗೆಯಲು ಜಾಗವಿರಲಿಲ್ಲ, ಅಷ್ಟೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟು ವಿವರಿಸಿದ್ದು ಇದನ್ನೇ: ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಕಾಣದಿದ್ದರೆ, ಒಳ್ಳೆಯ ಕಾರಿಗೂ ಅನುಮಾನದ ಬೆಲೆಯೇ ಸಿಗುತ್ತದೆ.

ಜಾಹೀರಾತನ್ನು ತೆಗೆದುಹಾಕಿ, ಭಾನುವಾರ ಕಾರನ್ನು ಚೆನ್ನಾಗಿ ತೊಳೆದು, ಬಿಸಿಲು ಇಳಿದ ಮೇಲೆ ಒಂದು ಖಾಲಿ ಮೈದಾನಕ್ಕೆ ಒಯ್ದೆ. ಫೋನನ್ನು ಹತ್ತಿರ ಹಿಡಿದರೆ ಬಂಪರ್ ಉಬ್ಬಿದಂತೆ ಕಾಣುವುದರಿಂದ, ಏಳೆಂಟು ಹೆಜ್ಜೆ ಹಿಂದೆ ಸರಿದು, ಎರಡರಷ್ಟು ಝೂಮ್ ಮಾಡಿ, ಹೆಡ್‌ಲೈಟಿನ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕುಳಿತು ನಾಲ್ಕೂ ಮೂಲೆಗಳಿಂದ ತೆಗೆದೆ. ಕಾರು ಬಿಳಿಯದಾದ್ದರಿಂದ ಕ್ಯಾಮೆರಾದಲ್ಲಿ ಬೆಳಕನ್ನು ತುಸು ತಗ್ಗಿಸಬೇಕಾಯಿತು. ಇಲ್ಲವಾದರೆ ಬಾಗಿಲುಗಳ ಅಂಚೇ ಕಾಣುತ್ತಿರಲಿಲ್ಲ. ಎಚ್ಚರಿಕೆಯ ದೀಪಗಳೆಲ್ಲ ಆರಿರುವುದು ತಿಳಿಯಲೆಂದು ಎಂಜಿನ್ ಚಾಲೂ ಇಟ್ಟು ಓಡೋಮೀಟರಿನ ಫೋಟೋ ತೆಗೆದೆ. ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನೂ ಬಿಡಲಿಲ್ಲ: 2321 ಎಂದರೆ 2021ರ 23ನೇ ವಾರ ತಯಾರಾದದ್ದು ಎಂದರ್ಥ, ಇದು ಬಲ್ಲವರಿಗೆ ಟೈರಿನ ವಯಸ್ಸಿನ ಬಗ್ಗೆ ಬೇರೆ ಮಾತೇ ಬೇಕಿಲ್ಲ.

ಹಿಂದಿನ ಬಂಪರಿನಲ್ಲಿ ಗೇಣುದ್ದದ ಗೀರೊಂದಿತ್ತು. "ಅದನ್ಯಾಕ್ರೀ ತೋರಿಸ್ತೀರಾ?" ಎಂದು ಮನೆಯವಳು ತಡೆದಳು. ಆದರೂ ಅಳತೆ ತಿಳಿಯಲೆಂದು ಪಕ್ಕದಲ್ಲಿ ಸ್ಕೇಲ್ ಹಿಡಿದು ತೆಗೆದು, ಒಟ್ಟು 22 ಫೋಟೋಗಳೊಂದಿಗೆ ಅದೇ ಬೆಲೆಗೆ ಮತ್ತೆ ಜಾಹೀರಾತು ಹಾಕಿದೆ. ನನಗೆ ಹೆಚ್ಚಿನ ಬೆಲೆ ತಂದುಕೊಟ್ಟದ್ದು ಹೊಳೆಯುವ ಬಾನೆಟ್ಟಿಗಿಂತ ಆ ಗೀರಿನ ಫೋಟೋವೇ ಎಂದು ನಾನು ಈಗಲೂ ನಂಬಿದ್ದೇನೆ. ಅದನ್ನು ನೋಡಿದವರು ಉಳಿದ ಫೋಟೋಗಳನ್ನೂ ನಂಬಿದರು.

ನಾಲ್ಕನೆಯ ದಿನ ನಂಜನಗೂಡಿನಿಂದ ತಂದೆ ಮಗ ಬಂದರು. ಗೀರನ್ನು ಮುಟ್ಟಿ ನೋಡಿ, "ಫೋಟೋದಲ್ಲಿ ಇದ್ದಷ್ಟೇ ಇದೆ" ಎಂದವರು ಆ ಬಗ್ಗೆ ಮತ್ತೆ ಚೌಕಾಸಿ ಮಾಡಲಿಲ್ಲ. ಮಾತು 2 ಲಕ್ಷ 50 ಸಾವಿರಕ್ಕೆ ನಿಂತಿತ್ತು. ಕೊನೆಗೆ ಡಿಕ್ಕಿ ತೆರೆದು ಸವೆದ ಸ್ಟೆಪ್ನಿಯನ್ನು ಕಂಡು ನಾಲ್ಕು ಸಾವಿರ ಇಳಿಸಿದರು. ನಾನು ಫೋಟೋ ತೆಗೆಯದೆ ಬಿಟ್ಟಿದ್ದು ಅದೊಂದನ್ನೇ.