ನೀರಿದ್ದ ಕಡೆಗೇ ದಾರಿ: ಗೆಳೆಯರ ಜೊತೆ ಊಡ್ನಡಾಟಾ ಟ್ರ್ಯಾಕ್

ಅಡಿಲೇಡ್‌ನಿಂದ ಉತ್ತರಕ್ಕೆ ಸುಮಾರು 680 ಕಿ.ಮೀ. ಹೋದರೆ ಮರೀ ಎಂಬ ಪುಟ್ಟ ಊರು ಸಿಗುತ್ತದೆ. ಅಲ್ಲಿಂದ ವಾಯವ್ಯಕ್ಕೆ ಮಾರ್ಲಾ ತನಕ ಸುಮಾರು 620 ಕಿ.ಮೀ. ಮಣ್ಣಿನ ದಾರಿ. ಅದೇ ಊಡ್ನಡಾಟಾ ಟ್ರ್ಯಾಕ್. ಆಸ್ಟ್ರೇಲಿಯಾದ ಔಟ್‌ಬ್ಯಾಕ್‌ನಲ್ಲಿ, ಅಂದರೆ ಜನವಿರಳವಾದ ಒಣ ಒಳನಾಡಿನಲ್ಲಿ, ಟೆಂಟ್ ಹಾಕಿ ಮಲಗಬೇಕು ಅಂತ ಆಸೆ ಇರುವ ಕನ್ನಡದ ಗೆಳೆಯರು ಯಾರೇ ಕೇಳಿದರೂ ನಾನು ಈ ದಾರಿಯನ್ನೇ ಹೇಳುತ್ತೇನೆ. ನಾವು ಹೋದದ್ದು ಚಳಿಗಾಲದಲ್ಲಿ, ಎರಡು ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ, ಆರು ಜನ. ಎಲ್ಲರೂ ಅಡಿಲೇಡ್‌ನಲ್ಲಿ ಕೆಲಸ ಮಾಡುವವರು. ಹುಟ್ಟಿದ ಊರು ಮಾತ್ರ ಶಿವಮೊಗ್ಗ, ಹುಬ್ಬಳ್ಳಿ, ಮಂಡ್ಯ ಅಂತ ಬೇರೆ ಬೇರೆ.

ತಯಾರಿ ಶುರು ಮಾಡುವಾಗ ಗಾಡಿ, ಟೆಂಟ್, ಊಟ ಅಂತ ಪಟ್ಟಿ ಹಾಕುವುದು ಎಲ್ಲರ ರೂಢಿ. ನಾವು ಮೊದಲು ಮ್ಯಾಪ್ ಹರಡಿಕೊಂಡು ನೀರು ಎಲ್ಲಿದೆ ಅಂತ ಗುರುತು ಹಾಕಿದೆವು. ಯಾಕೆಂದರೆ ಈ ದಾರಿ ಹುಟ್ಟಿದ್ದೇ ನೀರಿನಿಂದ. ನೆಲದ ಕೆಳಗೆ ಗ್ರೇಟ್ ಆರ್ಟೀಸಿಯನ್ ಬೇಸಿನ್ ಇದೆ. ಸುಮಾರು 17 ಲಕ್ಷ ಚದರ ಕಿ.ಮೀ. ಹರಡಿರುವ ಅಂತರ್ಜಲ, ಇಡೀ ಖಂಡದ ಐದನೇ ಒಂದು ಭಾಗಕ್ಕಿಂತ ಜಾಸ್ತಿ. ಪೂರ್ವದ ಬೆಟ್ಟಸಾಲಿನ ಕಡೆ ಬಿದ್ದ ಮಳೆ ಮರಳುಗಲ್ಲಿನೊಳಗೆ ಇಳಿದು, ಲಕ್ಷಾಂತರ ವರ್ಷ ಹರಿದು, ಈ ಒಣ ನೆಲದಲ್ಲಿ ಚಿಲುಮೆಯಾಗಿ ಮೇಲೆ ಬರುತ್ತದೆ. ಆ ಚಿಲುಮೆಗಳ ಸಾಲೇ ಈ ದಾರಿ. ಇಲ್ಲಿನ ಮೂಲನಿವಾಸಿಗಳಾದ ಅರಬಾನಾ ಜನ ಸಾವಿರಾರು ವರ್ಷ ಒಂದು ಚಿಲುಮೆಯಿಂದ ಇನ್ನೊಂದಕ್ಕೆ ನಡೆದರು. 1859ರಲ್ಲಿ ಅನ್ವೇಷಕ ಜಾನ್ ಮ್ಯಾಕ್‌ಡೂವಲ್ ಸ್ಟುವರ್ಟ್ ಬಂದದ್ದೂ ಇದೇ ಸಾಲು ಹಿಡಿದು. 1872ರಲ್ಲಿ ಮುಗಿದ ಟೆಲಿಗ್ರಾಫ್ ತಂತಿ ಇಲ್ಲೇ ಹಾದುಹೋಯಿತು. ಆಮೇಲೆ ಬಂದ ಘಾನ್ ರೈಲೂ ಇಲ್ಲೇ, ಯಾಕೆಂದರೆ ಉಗಿಬಂಡಿಗೂ ನೀರು ಬೇಕಲ್ಲ. ಇದನ್ನು ತಿಳಿದುಕೊಂಡು ಹೋದರೆ ಪ್ರತಿ ನಿಲುಗಡೆಗೂ ಒಂದು ಅರ್ಥ ಸಿಗುತ್ತದೆ. ತಿಳಿಯದೆ ಹೋದರೆ ಸುಮ್ನೆ ಕೆಂಪು ಮಣ್ಣು, ಧೂಳು ಅನಿಸಬಹುದು.

ಮರೀಯಿಂದ ವಿಲಿಯಂ ಕ್ರೀಕ್, ಅಲ್ಲಿಂದ ಊಡ್ನಡಾಟಾ, ಅಲ್ಲಿಂದ ಮಾರ್ಲಾ. ಈ ಮೂರು ತುಂಡುಗಳೂ ಹೆಚ್ಚುಕಮ್ಮಿ 200 ಕಿ.ಮೀ. ಉದ್ದ. ಡೀಸೆಲ್ ಸಿಗುವುದು ಈ ನಾಲ್ಕು ಊರುಗಳಲ್ಲಿ ಮಾತ್ರ, ಆದ್ದರಿಂದ ಪ್ರತಿ ಊರಲ್ಲೂ ಟ್ಯಾಂಕ್ ತುಂಬಿಸಿದೆವು. ಅರ್ಧ ಟ್ಯಾಂಕ್ ಇದೆಯಲ್ಲ, ಮುಂದೆ ನೋಡೋಣ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ನಡುವಿನ ದಾರಿಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಒಂದು ಸ್ಯಾಟಲೈಟ್ ಫೋನ್ ಬಾಡಿಗೆಗೆ ತಂದೆವು. ತುರ್ತು ಸಂದೇಶ ಕಳಿಸುವ ಬೀಕನ್ ಒಂದಿತ್ತು. ಎರಡು ಗಾಡಿಗಳ ನಡುವೆ ಮಾತಿಗೆ ಯುಎಚ್ಎಫ್ ರೇಡಿಯೋ. ಧೂಳು ಇಳಿಯಲಿ ಅಂತ ಒಂದು ಗಾಡಿಯಿಂದ ಇನ್ನೊಂದು ಒಂದು ಕಿ.ಮೀ. ದೂರ ಇರುತ್ತಿತ್ತು, ಹಾಗಾಗಿ ರೇಡಿಯೋ ತುಂಬಾ ಬೇಕಾಯಿತು. ಎದುರಿಗೆ ಟ್ರಕ್ ಬರ್ತಿದೆ, ದನ ಅಡ್ಡ ನಿಂತಿದೆ ಅಂತ ಮುಂದಿನವರು ಹಿಂದಿನವರಿಗೆ ಹೇಳುತ್ತಲೇ ಇದ್ದರು.

ನೀರಿನ ಲೆಕ್ಕ ಹೀಗಿತ್ತು. ಕುಡಿಯಲು, ಅಡುಗೆಗೆ, ಮುಖ ತೊಳೆಯಲು ಸೇರಿ ಒಬ್ಬರಿಗೆ ದಿನಕ್ಕೆ 10 ಲೀಟರ್. ಅದರ ಮೇಲೆ, ದಾರಿ ಮುಚ್ಚಿದರೆ ಅಂತ ಇನ್ನೂ ಕೆಲವು ದಿನಕ್ಕಾಗುವಷ್ಟು. ಒಂದೇ ದೊಡ್ಡ ಟ್ಯಾಂಕ್‌ನಲ್ಲಿ ತುಂಬಬೇಡಿ. ಒಂದು ಬಿರುಕು ಬಿಟ್ಟರೂ ಎಲ್ಲ ನೀರು ಹೋಯಿತು. ನಾವು 20 ಲೀಟರ್ ಕ್ಯಾನ್‌ಗಳಲ್ಲಿ ತುಂಬಿ ಎರಡೂ ಗಾಡಿಗೆ ಸಮನಾಗಿ ಹಂಚಿದೆವು. ಗಾಡಿಗಳು ಬೇರೆಯಾದರೂ ಎರಡರಲ್ಲೂ ನೀರಿರಬೇಕು, ಅಷ್ಟೇ.

ಅಡುಗೆಯನ್ನೂ ನೀರೇ ತೀರ್ಮಾನ ಮಾಡಿತು. ಮಂಡ್ಯದ ಗೆಳೆಯನಿಗೆ ಮುದ್ದೆ ಇಲ್ಲದೆ ಆಗುವುದಿಲ್ಲ. ಆದರೆ ಮುದ್ದೆ ಮಾಡಿದ ಪಾತ್ರೆ ನೆನೆಹಾಕಿ ತೊಳೆಯಲು ಎಷ್ಟು ನೀರು ಬೇಕು ಗೊತ್ತಲ್ಲ. ಅದಕ್ಕೆ ರಾಗಿ ಹಿಟ್ಟನ್ನು ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ರೊಟ್ಟಿ ತಟ್ಟಿದೆವು. ಕಾವಲಿಯನ್ನು ಪೇಪರ್‌ನಿಂದ ಒರೆಸಿದರೆ ಸಾಕು. ಅನ್ನ, ಬೇಳೆ ಎಲ್ಲ ಪ್ರೆಶರ್ ಕುಕ್ಕರ್‌ನಲ್ಲೇ. ತೆರೆದ ಪಾತ್ರೆಯಲ್ಲಿ ಆವಿಯಾಗಿ ಹೋಗುವ ನೀರು ಉಳಿಯುತ್ತದೆ, ಗ್ಯಾಸೂ ಉಳಿಯುತ್ತದೆ. ಹುಬ್ಬಳ್ಳಿಯ ಗೆಳತಿ ಅಕ್ಕಿ ತೊಳೆದ ನೀರನ್ನೂ ಚೆಲ್ಲಲು ಬಿಡಲಿಲ್ಲ. "ಅದನ್ನ ಸಾರಿಗೆ ಹಾಕ್ರಿ, ಚೊಲೋ ಆಗ್ತದ" ಅಂದಳು. ನಿಜವಾಗಿಯೂ ಚೆನ್ನಾಗಿತ್ತು. ಬೆಳಿಗ್ಗೆಗೆ ಗೊಜ್ಜವಲಕ್ಕಿ, ಇಲ್ಲದಿದ್ದರೆ ಮನೆಯಲ್ಲೇ ಹುರಿದು ತಂದ ರವೆಯ ಉಪ್ಪಿಟ್ಟು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಉಪ್ಪಿನಕಾಯಿ ಡಬ್ಬಿಗಳಲ್ಲಿ. ತರಕಾರಿಯಲ್ಲಿ ಎಲೆಕೋಸು, ಕುಂಬಳಕಾಯಿ, ಆಲೂಗಡ್ಡೆ, ಈರುಳ್ಳಿ ಕೊನೆಯವರೆಗೂ ಬಾಳಿದವು. ಸೊಪ್ಪು ತೆಗೆದುಕೊಂಡು ಹೋಗುವುದು ದಂಡ. ನನ್ನ ಮಟ್ಟಿಗೆ ಹೇಳುವುದಾದರೆ, ದೂರದ ಕ್ಯಾಂಪಿಂಗ್‌ಗೆ ನಮ್ಮ ಕಡೆಯ ಒಣ ಅಡುಗೆಯಷ್ಟು ಹೊಂದುವ ಊಟ ಬೇರೆ ಇಲ್ಲ.

ಮರೀಗೆ ಮೊದಲು ಫರೀನಾ ಎಂಬ ಪಾಳು ಊರು ಬರುತ್ತದೆ. ಗೋಧಿ ಬೆಳೆಯುತ್ತೇವೆ ಅಂತ 1878ರಲ್ಲಿ ಕಟ್ಟಿದ ಊರು. ಮಳೆ ಕೈಕೊಟ್ಟಿತು, ಜನ ಬಿಟ್ಟು ಹೋದರು. ಚಳಿಗಾಲದಲ್ಲಿ ಸ್ವಯಂಸೇವಕರು ಬಂದು ಅಲ್ಲಿನ ನೆಲಮಾಳಿಗೆಯ ಹಳೇ ಸೌದೆ ಒಲೆಯಲ್ಲಿ ಬ್ರೆಡ್ ಸುಡುತ್ತಾರೆ. ತಪ್ಪದೆ ನಿಲ್ಲಿ.

ಮರೀಯಲ್ಲಿ ಒಂಟೆಗಳ ಮೇಲೆ ಸಾಮಾನು ಸಾಗಿಸುತ್ತಿದ್ದವರ ನೆನಪಿಗೆ ಮಣ್ಣಿನ ಗೋಡೆಯ ಒಂದು ಸಣ್ಣ ಮಸೀದಿಯ ಪ್ರತಿರೂಪ ಇದೆ. 1860ರ ದಶಕದಿಂದ ಕರಾಚಿ ಬಂದರಿನ ಮೂಲಕ ಒಂಟೆಗಳೂ ಅವನ್ನು ನಡೆಸುವವರೂ ಇಲ್ಲಿಗೆ ಬಂದರು. ಎಲ್ಲರನ್ನೂ ಅಫ್ಘಾನರು ಅಂತಲೇ ಕರೆದರು, ಆದರೆ ಅವರಲ್ಲಿ ಬಲೂಚಿಸ್ತಾನ, ಸಿಂಧ್, ಪಂಜಾಬ್‌ನವರೂ ಬಹಳ ಜನ. ನಮ್ಮ ಉಪಖಂಡದ ಜನ ಈ ನೆಲದಲ್ಲಿ ಟೆಲಿಗ್ರಾಫ್ ಕಂಬ, ರೈಲಿನ ಸಾಮಾನು, ದಿನಸಿ ಎಲ್ಲ ಹೊತ್ತು ನಡೆದಿದ್ದಾರೆ ಅನ್ನುವುದು ನನಗೆ ದೊಡ್ಡ ವಿಷಯ. ಅಲ್ಲಿ ಆತುರ ಮಾಡದೆ ನಿಂತು ನೋಡಿದೆವು.

ಮರೀಯಲ್ಲೇ ಟಯರ್ ಗಾಳಿ ಇಳಿಸಿದೆವು. 38 ಪಿಎಸ್ಐ ಇದ್ದದ್ದನ್ನು 28ಕ್ಕೆ ತಂದೆವು. ಗಾಳಿ ಕಡಿಮೆಯಾದರೆ ಟಯರ್ ಮೆತ್ತಗಾಗಿ ಚೂಪು ಕಲ್ಲಿನ ಮೇಲೆ ಬಗ್ಗುತ್ತದೆ, ಅಷ್ಟು ಬೇಗ ಸೀಳುವುದಿಲ್ಲ. ದಾರಿಯ ಮೇಲಿನ ಸಣ್ಣ ಸಣ್ಣ ಅಲೆಗಳ ಕುಲುಕಾಟವೂ ತಗ್ಗುತ್ತದೆ. ಗಾಳಿ ಇಳಿಸಿದ ಮೇಲೆ ವೇಗವೂ ಇಳಿಯಬೇಕು. ನಾವು 80 ದಾಟಲಿಲ್ಲ. ಪ್ರತಿ ಗಾಡಿಗೆ ಎರಡು ಸ್ಟೆಪ್ನಿ, ಒಂದು ಏರ್ ಕಂಪ್ರೆಸರ್, ಪಂಕ್ಚರ್ ಕಿಟ್ ಇತ್ತು. ಇಷ್ಟೆಲ್ಲ ನೋಡಿಕೊಂಡರೂ ಕಲ್ಲುಬಯಲಲ್ಲಿ ಒಂದು ಟಯರ್ ಹೋಯಿತು. ಬದಲಾಯಿಸಿ, ಚಹಾ ಕುಡಿದು ಹೊರಟೆವು.

ಕಟಿ ತಾಂಡಾ, ಅಂದರೆ ಲೇಕ್ ಏರ್‌ನ ದಕ್ಷಿಣ ಭಾಗ ದಾರಿ ಪಕ್ಕದಲ್ಲೇ ಕಾಣುತ್ತದೆ. ಸಮುದ್ರ ಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿನ ತಗ್ಗು. ನಾವು ನೋಡಿದಾಗ ಬರೀ ಉಪ್ಪು, ಕಣ್ಣು ಕೋರೈಸುವ ಬಿಳುಪು. ಅರಬಾನಾ ಜನಕ್ಕೆ ಈ ಸರೋವರ ಪವಿತ್ರ. ಅದರ ಮೇಲೆ ಕಾಲಿಡಬೇಡಿ ಅಂತ ಅವರು ಕೇಳಿಕೊಳ್ಳುತ್ತಾರೆ. ದಡದಲ್ಲೇ ನಿಂತು ನೋಡಿ, ಅಷ್ಟೇ ಸಾಕು.

ಅಲ್ಲಿಂದ ಮುಂದೆ ವಾಬ್ಮಾ ಕಡಾರ್ಬು ಎಂಬ ಕಡೆ ಎರಡು ಚಿಲುಮೆಗಳಿವೆ. ಒಂದು ಬ್ಲಾಂಚ್ ಕಪ್, ಇನ್ನೊಂದು ಬಬ್ಲರ್. ನೀರಿನ ಜೊತೆ ಬಂದ ಖನಿಜ, ಮರಳು ಸೇರಿ ಸುತ್ತ ಒಂದು ದಿಬ್ಬ ಎದ್ದಿದೆ, ಅದರ ನೆತ್ತಿಯಲ್ಲಿ ನೀಲಿ ನೀರು, ಅಂಚಿನಲ್ಲಿ ಹಸಿರು ಜೊಂಡು. ಬಬ್ಲರ್‌ನಲ್ಲಿ ತಳದ ಮರಳು ಹಾಲು ಉಕ್ಕುವ ಹಾಗೆ ಉಬ್ಬಿ ಒಡೆಯುತ್ತದೆ. ವರ್ಷಕ್ಕೆ 150 ಮಿ.ಮೀ. ಮಳೆಯೂ ಬೀಳದ ಜಾಗದಲ್ಲಿ ಇಂಥದ್ದನ್ನು ನೋಡಿದ ಶಿವಮೊಗ್ಗದವನು "ಎಂಥ ನೀರೋ ಮಾರಾಯ" ಅಂತ ಅಲ್ಲೇ ಕೂತುಬಿಟ್ಟ. ಮಲೆನಾಡಲ್ಲಿ ಹುಟ್ಟಿದವನಿಗೆ ನೀರು ಹೊಸದೇನಲ್ಲ. ಆದರೂ ಎದ್ದು ಬರಲು ಅವನಿಗೆ ಮನಸ್ಸಿರಲಿಲ್ಲ. ಈ ಚಿಲುಮೆಗಳಿಗೆ ಇಳಿಯುವಂತಿಲ್ಲ. ಸ್ವಲ್ಪ ಮುಂದೆ ಕವರ್ಡ್ ಸ್ಪ್ರಿಂಗ್ಸ್‌ನಲ್ಲಿ ಕ್ಯಾಂಪ್ ಜಾಗ ಇದೆ. ಅಲ್ಲಿ ಹಳೇ ರೈಲು ಸ್ಲೀಪರ್‌ಗಳಿಂದ ಕಟ್ಟಿದ ಸಣ್ಣ ತೊಟ್ಟಿಯಲ್ಲಿ ಉಗುರುಬೆಚ್ಚಗಿನ ಚಿಲುಮೆ ನೀರಿದೆ, ಖರ್ಜೂರದ ಮರಗಳಿವೆ. ಸ್ನಾನ ಅಲ್ಲಿ ಮಾಡಿ.

ಮಲಗುವ ಜಾಗದ ಬಗ್ಗೆ ನಮ್ಮಲ್ಲಿ ಎರಡು ಕಟ್ಟುನಿಟ್ಟು ಇತ್ತು. ಒಣಗಿದ ಹಳ್ಳದೊಳಗೆ ಟೆಂಟ್ ಹಾಕುವುದಿಲ್ಲ. ಮರಳು ಮೆತ್ತಗೆ ಕಾಣುತ್ತದೆ, ಗಾಳಿಯೂ ಕಡಿಮೆ. ಆದರೆ ಮೇಲೆಲ್ಲೋ ಮಳೆಯಾದರೆ ಇಲ್ಲಿ ಮೋಡವೇ ಇಲ್ಲದೆ ನೀರು ಬರುತ್ತದೆ. ಇನ್ನೊಂದು, ದೊಡ್ಡ ರಿವರ್ ರೆಡ್ ಗಮ್ ಮರದ ಕೆಳಗೆ ಮಲಗುವುದಿಲ್ಲ. ಗಾಳಿ ಇಲ್ಲದ ಹೊತ್ತಿನಲ್ಲೂ ಆ ಮರ ದಪ್ಪ ಕೊಂಬೆ ಉದುರಿಸುತ್ತದೆ. ಜೂನ್, ಜುಲೈ ರಾತ್ರಿಗಳಲ್ಲಿ ಚಳಿ ಸೊನ್ನೆ ಡಿಗ್ರಿಯ ಹತ್ತಿರ ಇಳಿಯುತ್ತದೆ, ಒಳ್ಳೆ ಸ್ಲೀಪಿಂಗ್ ಬ್ಯಾಗ್ ಇರಲಿ. ಸೌದೆಯನ್ನು ಬರುವಾಗಲೇ ಕೊಂಡು ತಂದಿದ್ದೆವು. ಅಲ್ಲಿ ಬಿದ್ದಿರುವ ಒಣ ಕಟ್ಟಿಗೆ ಹಲ್ಲಿ, ಹಕ್ಕಿಗಳ ಮನೆ.

ವಿಲಿಯಂ ಕ್ರೀಕ್ ತಲುಪಿದ ಸಂಜೆ ಮಳೆ ಬಂತು. ಬೆರಳೆಣಿಕೆಯ ಜನ ಇರುವ ಊರು. ಸುತ್ತಲೂ ಆನಾ ಕ್ರೀಕ್, ಜಗತ್ತಿನ ಅತಿ ದೊಡ್ಡ ದನದ ಫಾರ್ಮ್ ಅಂತ ಹೆಸರಾದದ್ದು. ಬೆಳಿಗ್ಗೆ ಎದ್ದರೆ ಮುಂದಿನ ದಾರಿ ಮುಚ್ಚಿದೆ ಅಂತ ಬೋರ್ಡ್. ಮುಚ್ಚಿದ ದಾರಿಯಲ್ಲಿ ಹೋದರೆ ದಂಡ ಇದೆ. ಅದಕ್ಕಿಂತ ಮುಖ್ಯ, ಒದ್ದೆ ಮಣ್ಣಲ್ಲಿ ಚಕ್ರ ಕೊರೆದ ಗುಂಡಿ ಒಣಗಿ ಕಲ್ಲಾಗುತ್ತದೆ, ಮುಂದೆ ಬರುವವರಿಗೆಲ್ಲ ತೊಂದರೆ. ಕಾದೆವು. ನಮ್ಮ ಹಾಗೆ ಕ್ಯಾರವಾನ್‌ಗಳಲ್ಲಿ ಬಂದು ನಿಂತ ನಿವೃತ್ತ ದಂಪತಿಗಳು ಹಲವರಿದ್ದರು. ವರ್ಷವರ್ಷ ಇಲ್ಲಿ ಓಡಾಡಿದವರು. ದೊಡ್ಡ ಕುಕ್ಕರ್‌ನಲ್ಲಿ ಬಿಸಿಬೇಳೆಬಾತ್ ಮಾಡಿ ಎಲ್ಲರನ್ನೂ ಕರೆದೆವು. ಮೂಗು ಒರೆಸಿಕೊಂಡು ಎರಡನೇ ಸಲ ಹಾಕಿಸಿಕೊಂಡರು. ಊಟ ಮಾಡುತ್ತಾ ಅವರು ಹೇಳಿಕೊಟ್ಟದ್ದು ನಮಗೆ ಮುಂದೆ ಬಹಳ ಕೆಲಸಕ್ಕೆ ಬಂತು. ದಾರಿಯ ಬಣ್ಣ ಗಾಢವಾಗಿ ಹೊಳೆದರೆ ಅಲ್ಲಿ ಇನ್ನೂ ಜಾರುತ್ತದೆ. ನೀರು ನಿಂತ ಗುಂಡಿಯನ್ನು ಬಳಸಿ ಹೋಗಬೇಡಿ, ಪಕ್ಕದ ಮಣ್ಣು ಇನ್ನೂ ಮೆತ್ತಗಿರುತ್ತದೆ. ಕೋಲು ಹಿಡಿದು ಆಳ ನೋಡಿ, ಗಟ್ಟಿ ತಳ ಇದ್ದರೆ ನಡುವೆಯೇ ನಿಧಾನವಾಗಿ ಹೋಗಿ.

ಅವರು ಒತ್ತಿ ಹೇಳಿದ ಇನ್ನೊಂದು ಮಾತು, ಗಾಡಿ ಕೆಟ್ಟರೆ ಗಾಡಿ ಬಿಟ್ಟು ನಡೆಯಬೇಡಿ. 1998ರ ಡಿಸೆಂಬರ್‌ನಲ್ಲಿ ಆಸ್ಟ್ರಿಯಾದಿಂದ ಬಂದ ಒಬ್ಬ ಹೆಣ್ಣುಮಗಳು ಲೇಕ್ ಏರ್ ದಡದಲ್ಲಿ ಗಾಡಿ ಹೂತ ಮೇಲೆ ಸಹಾಯ ಹುಡುಕಿ ವಿಲಿಯಂ ಕ್ರೀಕ್ ಕಡೆ ನಡೆದು ಬಿಸಿಲಿಗೆ ಜೀವ ಬಿಟ್ಟಳು. ಗಾಡಿ ನಿಂತಿದ್ದ ಕಡೆ ನೀರಿತ್ತು. ನಡೆಯುವ ಮನುಷ್ಯನಿಗಿಂತ ನಿಂತ ಗಾಡಿ ವಿಮಾನದಿಂದ ಬೇಗ ಕಾಣುತ್ತದೆ. ಬೇಸಿಗೆಯಲ್ಲಿ, ಅಂದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ, ಈ ಕಡೆ ಹೋಗಲೇಬೇಡಿ ಅಂತ ನಾನು ಕೈಮುಗಿದು ಹೇಳುತ್ತೇನೆ. ಊಡ್ನಡಾಟಾದಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ದಾಖಲಾಗಿದೆ.

ದಾರಿ ತೆರೆದ ಮೇಲೆ ಆಲ್ಜಿಬಕಿನಾ ಸೇರಿದೆವು. ನೀಲ್ಸ್ ನದಿಗೆ ಅಡ್ಡಲಾಗಿ 1892ರಲ್ಲಿ ಮುಗಿದ ಕಬ್ಬಿಣದ ರೈಲು ಸೇತುವೆ, 578 ಮೀಟರ್ ಉದ್ದ. 1980ರಿಂದ ಅದರ ಮೇಲೆ ರೈಲಿಲ್ಲ. ಕೆಳಗಿನ ಮಡುವಿನಲ್ಲಿ ನೀರು ನಿಂತಿರುತ್ತದೆ. ಟೆಂಟುಗಳನ್ನು ನೀರಿನ ಅಂಚಿನಿಂದ ದೂರ ಹಾಕಿದೆವು. ರಾತ್ರಿ ದನ, ಕಾಡುಪ್ರಾಣಿ ಕುಡಿಯಲು ಬರುತ್ತವೆ, ನಾವು ಅಡ್ಡ ಕೂತರೆ ಅವು ಬಾಯಾರಿಕೊಂಡೇ ವಾಪಸ್ ಹೋಗುತ್ತವೆ. ಸೋಪು ಹಾಕಿ ಏನನ್ನೂ ಅಲ್ಲಿ ತೊಳೆಯಲಿಲ್ಲ. ಶೌಚಕ್ಕೆ ನೂರು ಮೀಟರ್ ಆಚೆ ಹೋಗಿ ಆಳವಾದ ಗುಂಡಿ ತೋಡಿ ಮುಚ್ಚುತ್ತಿದ್ದೆವು. ಆ ರಾತ್ರಿ ಆಕಾಶ ಪೂರ್ತಿ ಬಿಚ್ಚಿಕೊಂಡಿತ್ತು. ಊರಲ್ಲಿ ದಕ್ಷಿಣದ ಕಡೆಗೆ ವಾಲಿ ಕಾಣುವ ವೃಶ್ಚಿಕ ಇಲ್ಲಿ ನೆತ್ತಿಯ ಮೇಲೆ. ಆಕಾಶಗಂಗೆಯ ನಡುವಿನ ಕಪ್ಪು ಜಾಗಗಳನ್ನು ಸೇರಿಸಿ ನೋಡಿದರೆ ಎಮು ಹಕ್ಕಿಯ ಆಕಾರ. ಈ ನೆಲದ ಮೂಲನಿವಾಸಿಗಳು ಚುಕ್ಕಿಗಳನ್ನಷ್ಟೇ ಅಲ್ಲ, ಕತ್ತಲನ್ನೂ ಓದಿದವರು.

ಊಡ್ನಡಾಟಾದಲ್ಲಿ ಪೂರ್ತಿ ಗುಲಾಬಿ ಬಣ್ಣ ಬಳಿದ ಪಿಂಕ್ ರೋಡ್‌ಹೌಸ್ ಇದೆ. ಡೀಸೆಲ್, ಬಿಸಿ ಊಟ, ಮುಂದಿನ ದಾರಿಯ ಸುದ್ದಿ ಮೂರೂ ಅಲ್ಲಿ ಸಿಗುತ್ತವೆ. ರಜೆ ಕಡಿಮೆ ಇದ್ದವರು ವಿಲಿಯಂ ಕ್ರೀಕ್‌ನಿಂದಲೇ 166 ಕಿ.ಮೀ. ಪಶ್ಚಿಮಕ್ಕೆ ತಿರುಗಿ ಕೂಬರ್ ಪೀಡಿ ಸೇರಬಹುದು, ಆದರೆ ಆಲ್ಜಿಬಕಿನಾ ತಪ್ಪಿಹೋಗುತ್ತದೆ. ನನ್ನನ್ನು ಕೇಳಿದರೆ ಇನ್ನೆರಡು ದಿನ ರಜೆ ಹಾಕಿ.

ಮಾರ್ಲಾದಲ್ಲಿ ಟಾರು ರಸ್ತೆ ಸಿಕ್ಕ ತಕ್ಷಣ ಟಯರ್‌ಗೆ ಮತ್ತೆ 38 ಗಾಳಿ ತುಂಬಿಸಿ. ಮೆತ್ತಗಿನ ಟಯರ್‌ನಲ್ಲಿ ಹೈವೇ ವೇಗದಲ್ಲಿ ಓಡಿಸಿದರೆ ಬಿಸಿಯಾಗಿ ಒಡೆಯುತ್ತದೆ. ಚಕ್ರದ ನಟ್, ಮೇಲಿನ ರ‍್ಯಾಕ್‌ನ ಬೋಲ್ಟ್ ಎಲ್ಲ ಬಿಗಿ ಮಾಡಿ, ಕುಲುಕಾಟಕ್ಕೆ ಸಡಿಲವಾಗಿರುತ್ತವೆ. ಸ್ಟುವರ್ಟ್ ಹೈವೇಯಲ್ಲಿ 53 ಮೀಟರ್ ಉದ್ದದ ರೋಡ್ ಟ್ರೇನ್‌ಗಳು, ಅಂದರೆ ಹಲವು ಟ್ರೇಲರ್ ಎಳೆಯುವ ಟ್ರಕ್‌ಗಳು, ಓಡುತ್ತವೆ, ಅವನ್ನು ಹಿಂದೆ ಹಾಕಲು ತುಂಬಾ ಉದ್ದದ ಖಾಲಿ ರಸ್ತೆ ಬೇಕು. ಮುಸ್ಸಂಜೆಯಿಂದ ಕಾಂಗರೂಗಳು ರಸ್ತೆಗೆ ಇಳಿಯುತ್ತವೆ. ಆದ್ದರಿಂದ ನಾವು ಕೂಬರ್ ಪೀಡಿಯಲ್ಲಿ ಬಿಸಿಲಿರುವಾಗಲೇ ಗಾಡಿ ನಿಲ್ಲಿಸಿ, ಉಳಿದ ದೂರವನ್ನು ಮಾರನೇ ದಿನ ಹಗಲಲ್ಲಿ ಓಡಿಸಿದೆವು.