ಎರಡು ದಿನದ ಗಾಳಿ, ಮುಕ್ಕಾಲು ಲೋಟ ನೀರು: ಟ್ರೇಲರ್ ವಿಂಟರೈಸ್ ಮಾಡಿದ ನನ್ನ ಅನುಭವ

ಐದು ಚಳಿಗಾಲ ಕಳೆಯಿತು. ಚಳಿಯಲ್ಲಿ ನೀರು ಗಟ್ಟಿಯಾಗಿ ಪೈಪು ಒಡೆಯದಂತೆ ಗಾಡಿಯನ್ನು ಸಿದ್ಧಮಾಡಿಡುವುದಕ್ಕೆ ಇಲ್ಲಿ ವಿಂಟರೈಸ್ ಅನ್ನುತ್ತಾರೆ. ಅದಕ್ಕೆ ನಮ್ಮ ಕ್ಯಾಂಪಿಂಗ್ ಟ್ರೇಲರ್‌ನ ನಲ್ಲಿ ಪೈಪುಗಳಿಗೆ ನಾನು ಪಿಂಕ್, ಅಂದರೆ ಗುಲಾಬಿ ಬಣ್ಣದ ಆರ್‌ವಿ ಆಂಟಿಫ್ರೀಜ್, ಹಾಕಿಲ್ಲ. ಗಾಳಿ ಹೊಡೆದು ನೀರು ಹೊರಹಾಕಿಯೇ ನಿಲ್ಲಿಸಿದ್ದೇನೆ. ಒಂದು ಫಿಟ್ಟಿಂಗೂ ಸೀಳಿಲ್ಲ, ಒಂದು ನಲ್ಲಿಯೂ ಸೋರಿಲ್ಲ. ಗಾಡಿ ನಿಂತಿರುವುದು ಮಿನಿಯಾಪೊಲಿಸ್ ಪಕ್ಕದ ನಮ್ಮ ಡ್ರೈವ್‌ವೇಯಲ್ಲಿ, ಬಯಲಲ್ಲಿ, ಮೇಲೊಂದು ಶೀಟೂ ಇಲ್ಲದೆ. ಇಲ್ಲಿಯ ಜನವರಿ ಎಂಥದ್ದು ಅಂತ ಈ ಕಡೆ ಇರುವವರಿಗೆ ಹೇಳಬೇಕಿಲ್ಲ.

ನಮ್ಮ ಕ್ಯಾಂಪಿಂಗ್ ಗುಂಪಿನಲ್ಲಿ ಐದಾರು ಕನ್ನಡದ ಮನೆಗಳಿವೆ. ಗಾಳಿ ಸಾಕು ಅಂದಾಗ ಒಬ್ಬರೂ ಒಪ್ಪಿರಲಿಲ್ಲ. "ಟೆಕ್ಸಾಸ್‌ದಾಗ ಇರೋರು ಮಾಡ್ಲಿ ಬಿಡ್ರಿ. ಇಲ್ಲೆ ಗಾಳಿ ನಂಬಿಕೊಂಡು ಕುಂತ್ರ ಏಪ್ರಿಲ್‌ದಾಗ ಗಾಡಿ ಒಳಗ ಕೆರಿ ಆಗ್ತೈತಿ" ಅಂದಿದ್ದರು ಹುಬ್ಬಳ್ಳಿ ಕಡೆಯ ಗೆಳೆಯರೊಬ್ಬರು. ಪಕ್ಕದ ಮನೆಯ ಅಜ್ಜ ಬಾಯಿ ಬಿಟ್ಟು ಏನೂ ಹೇಳಲಿಲ್ಲ, ತಲೆ ಅಲ್ಲಾಡಿಸಿ ಒಳಗೆ ಹೋಗಿ ತನ್ನ ಹತ್ತಿರ ಉಳಿದಿದ್ದ ಎರಡು ಗ್ಯಾಲನ್ ಪಿಂಕ್ ತಂದು ನಮ್ಮ ಬಾಗಿಲಲ್ಲಿ ಇಟ್ಟು ಹೋದರು. ಅವರೆಲ್ಲ ಹಾಗೆ ಅಂದುಕೊಂಡದ್ದರಲ್ಲಿ ತಪ್ಪೇನಿಲ್ಲ. ಅದಕ್ಕೂ ಮೊದಲು ನಾನು ಕೆಡಿಸಿಕೊಂಡದ್ದನ್ನು ಅವರು ಕಣ್ಣಾರೆ ನೋಡಿದ್ದರು.

2017ರ ಬೇಸಿಗೆಯಲ್ಲಿ ಗಾಡಿ ತೆಗೆದುಕೊಂಡೆವು. 19 ಅಡಿಯದ್ದು, ಸೆಕೆಂಡ್ ಹ್ಯಾಂಡ್, 9,500 ಡಾಲರ್ ಆಸುಪಾಸು. ಆರು ಗ್ಯಾಲನ್ ಗೀಸರ್, ಒಂದು ಅಡುಗೆ ಸಿಂಕ್, ಸಣ್ಣ ಬಾತ್‌ರೂಮ್, ಹೊರಗೊಂದು ಶವರ್. ಮೊದಲ ವರ್ಷ ನನಗೆ ಧೈರ್ಯ ಸಾಲದೆ ಅಂಗಡಿಯಲ್ಲೇ ವಿಂಟರೈಸ್ ಮಾಡಿಸಿದೆ. 160 ಡಾಲರ್. ಏನೂ ಒಡೆಯಲಿಲ್ಲ. ಆದರೆ ಮೇ ತಿಂಗಳಲ್ಲಿ ಗೂಸ್‌ಬೆರ್ರಿ ಫಾಲ್ಸ್ ಹತ್ತಿರ ಮೊದಲ ಬೆಳಿಗ್ಗೆ ಫಿಲ್ಟರ್ ಕಾಫಿ ಮಾಡಿದೆವು ನೋಡಿ, ಬಾಯಿಗೆ ಇಡಲಾಗಲಿಲ್ಲ. ಒಂಥರಾ ಸಪ್ಪೆ ಸಿಹಿ, ಹಿಂದೆಯೇ ಕಹಿ. ಎರಡು ಟ್ಯಾಂಕ್ ನೀರು ಹರಿಸಿ ತೊಳೆದಿದ್ದೆ. ಆದರೂ ಬಿಸಿನೀರಿನ ನಲ್ಲಿಯಲ್ಲಿ ಆ ರುಚಿ ಜೂನ್‌ವರೆಗೂ ಹೋಗಲಿಲ್ಲ. ಪಿಂಕ್ ವಿಷ ಅಲ್ಲ, ಗೊತ್ತು. ಆದರೆ ಊರಿಂದ ತರಿಸಿದ ಚಿಕೋರಿ ಪುಡಿಯ ಡಿಕಾಕ್ಷನ್ ಹಾಳಾಯ್ತಲ್ಲ, ಆ ಸಂಕಟ ನನಗೆ ಚಿಕ್ಕದಾಗಿರಲಿಲ್ಲ. ಗಾಳಿಯ ಯೋಚನೆ ಹುಟ್ಟಿದ್ದೇ ಅಲ್ಲಿ.

ಆದರೂ 2018ರಲ್ಲಿ ನಾನೇ ಪಿಂಕ್ ಹಾಕಿದೆ. ಎಂಇಎ ರಜೆಯ (ಅಕ್ಟೋಬರ್‌ನಲ್ಲಿ ಇಲ್ಲಿಯ ಶಾಲೆಗಳಿಗೆ ಸಿಗುವ ರಜೆ) ಕೊನೇ ಟ್ರಿಪ್ ಮುಗಿಸಿ ಬಂದು, ಕತ್ತಲಾಗುವ ಮೊದಲು ಮುಗಿಸಬೇಕು ಅನ್ನುವ ಅವಸರ. ಗೀಸರ್‌ಗೆ ಹೋಗದೆ ನೇರ ನಲ್ಲಿಗೆ ಹಾಯಿಸುವ ಬೈಪಾಸ್ ವಾಲ್ವ್ ಅರ್ಧ ಮಾತ್ರ ತಿರುಗಿತ್ತು. ಪಂಪು ಎಳೆಯುತ್ತಲೇ ಇದೆ, ನಲ್ಲಿಯಲ್ಲಿ ಗುಲಾಬಿ ಬಣ್ಣ ಬರುತ್ತಲೇ ಇಲ್ಲ. ಎಲ್ಲಾ ಗೀಸರ್ ಹೊಟ್ಟೆಗೆ ಹೋಗುತ್ತಿತ್ತು. ಆರು ಗ್ಯಾಲನ್ ಸುರಿದ ಮೇಲೆ ನಲ್ಲಿಯಲ್ಲಿ ತೆಳು ಗುಲಾಬಿ ಕಂಡಿತು. ಬಂತಲ್ಲ ಅಂತ ನಿಲ್ಲಿಸಿಬಿಟ್ಟೆ. ಹೊರಗಿನ ಶವರ್ ನೆನಪೇ ಆಗಲಿಲ್ಲ.

ಆ ಚಳಿಗಾಲವೇ 2019ರ ಜನವರಿ ಕೊನೆಯ ಪೋಲಾರ್ ವೋರ್ಟೆಕ್ಸ್, ಧ್ರುವದ ಕಡೆಯಿಂದ ಇಳಿದು ಬರುವ ಕಡುಚಳಿ. 30ನೇ ತಾರೀಕು ಮಿನಿಯಾಪೊಲಿಸ್‌ನಲ್ಲಿ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಮೈನಸ್ 28, ನಮ್ಮ ಲೆಕ್ಕದಲ್ಲಿ ಮೈನಸ್ 33 ಡಿಗ್ರಿ. ಏಪ್ರಿಲ್‌ನಲ್ಲಿ ನೀರು ಬಿಟ್ಟಾಗ ಹೊರಗಿನ ಶವರ್‌ನ ಪ್ಲಾಸ್ಟಿಕ್ ಮಿಕ್ಸರ್ ಉದ್ದಕ್ಕೆ ಸೀಳಿತ್ತು, ಟಾಯ್ಲೆಟ್ ವಾಲ್ವ್ ಹೋಗಿತ್ತು. ಒಂದಕ್ಕೆ 45 ಡಾಲರ್, ಇನ್ನೊಂದಕ್ಕೆ 30 ಚಿಲ್ಲರೆ. ಹೊರಗಿನ ಶವರ್ ಮರೆತದ್ದು ಸರಿ, ಟಾಯ್ಲೆಟ್‌ಗೆ ಪಿಂಕ್ ಹೋಗಿತ್ತಲ್ಲ? ಅದು ಯಾಕೆ ಒಡೆಯಿತು?

ಇದನ್ನು ನೋಡಲು ಮುಂದಿನ ಚಳಿಯಲ್ಲಿ ಡೆಕ್ ಮೇಲೆ ಮೂರು ಸ್ಟೀಲ್ ಲೋಟ ಸಾಲಾಗಿ ಇಟ್ಟೆ. ಒಂದರಲ್ಲಿ ಬರೀ ಪಿಂಕ್, ಇನ್ನೊಂದರಲ್ಲಿ ಅರ್ಧ ನೀರು ಅರ್ಧ ಪಿಂಕ್, ಮೂರನೆಯದರಲ್ಲಿ ಮುಕ್ಕಾಲು ನೀರು. ಮೈನಸ್ 20 ಡಿಗ್ರಿಯ ರಾತ್ರಿ. ಬೆಳಿಗ್ಗೆ ಬರೀ ಪಿಂಕ್ ಗಂಜಿಯ ಹಾಗೆ ಇತ್ತು, ಚಮಚ ಹಾಕಿ ತಿರುವಿದರೆ ತಿರುಗಿತು. ಮಿಕ್ಕ ಎರಡೂ ಕಲ್ಲು. ಡಬ್ಬದ ಮೇಲೆ ಮೈನಸ್ 50 (ಫ್ಯಾರನ್‌ಹೀಟ್) ಅಂತ ಬರೆದಿರುವುದು ಪೈಪು ಒಡೆಯದ ಮಟ್ಟ, ಅದು ಹೆಪ್ಪುಗಟ್ಟದ ಮಟ್ಟ ಅಲ್ಲ. ಅದೂ ನೀರು ಬೆರೆಯದಿದ್ದರೆ ಮಾತ್ರ. ನಲ್ಲಿಯಲ್ಲಿ ತೆಳು ಗುಲಾಬಿ ಕಂಡ ತಕ್ಷಣ ನಿಲ್ಲಿಸುವವರು ದಯವಿಟ್ಟು ಇದನ್ನೊಮ್ಮೆ ಮಾಡಿ ನೋಡಿ.

ಅದೇ ವಾರ ಗಾಡಿಯಲ್ಲಿರುವ ಥರದ ಅರ್ಧ ಇಂಚಿನ ಪೆಕ್ಸ್ (ಬಾಗುವ ಪ್ಲಾಸ್ಟಿಕ್) ಪೈಪು ಒಂದಡಿ ಕತ್ತರಿಸಿ, ಮಧ್ಯೆ ಒಂದು ಪ್ಲಾಸ್ಟಿಕ್ ಎಲ್ಬೋ ಹಾಕಿ, ನೀರು ತುಂಬಿಸಿ, ಎರಡೂ ಕಡೆ ಬಿಗಿದು ಇಟ್ಟಿದ್ದೆ. ಮೂರು ರಾತ್ರಿ. ಪೈಪು ಸ್ವಲ್ಪ ಉಬ್ಬಿತ್ತು, ಒಳಗೆ ತಂದ ಮೇಲೆ ಸರಿಹೋಯ್ತು. ಎಲ್ಬೋ ಮಾತ್ರ ಕೂದಲೆಳೆಯಷ್ಟು ಸೀಳಿತ್ತು. ಬೆಳಕಿಗೆ ಹಿಡಿದರೂ ಕಾಣುತ್ತಿರಲಿಲ್ಲ, ಉಗುರು ಆಡಿಸಿದಾಗ ಗೊತ್ತಾಯ್ತು. ನೀರು ಗಟ್ಟಿಯಾದಾಗ ನೂರಕ್ಕೆ ಸುಮಾರು 9 ಪಾಲು ಹಿಗ್ಗುತ್ತದೆ. ಪೈಪು ಜಾಗ ಕೊಡುತ್ತದೆ, ಫಿಟ್ಟಿಂಗು ಕೊಡುವುದಿಲ್ಲ. ಹಾಗಾಗಿ ಪೈಪಿನ ಉದ್ದಕ್ಕೂ ಒಣಗಿದೆಯಾ ಅನ್ನುವ ಚಿಂತೆ ನನಗಿಲ್ಲ. ಕೀಲುಗಳಲ್ಲಿ, ನಲ್ಲಿಯ ಕಾರ್ಟ್ರಿಡ್ಜ್‌ನಲ್ಲಿ, ವಾಲ್ವ್ ಹೊಟ್ಟೆಯಲ್ಲಿ ನಿಲ್ಲುವ ಒಂದೆರಡು ಚಮಚ ನೀರೇ ನಮ್ಮ ಶತ್ರು.

2019ರ ಅಕ್ಟೋಬರ್‌ನಲ್ಲಿ ಮೊದಲ ಸಲ ಗಾಳಿ ಹೊಡೆದೆ. ಕಾರಿನ ಟೈರಿಗೆ ಹಾಕುವ ಪುಟ್ಟ 12 ವೋಲ್ಟ್ ಪಂಪಿನಿಂದ. 25 ಡಾಲರ್ ಉಳಿತಾಯದ ಉಪಾಯ. ಒತ್ತಡದ ಮೀಟರ್ 40 ಪಿಎಸ್‌ಐ ತೋರಿಸುತ್ತಿತ್ತು, ನಲ್ಲಿಯಲ್ಲಿ ಉಸ್ಸೆಂದು ಗಾಳಿ ಬರುತ್ತಿತ್ತು, ನೀರು ನಿಂತಿತ್ತು. ಮುಗಿಯಿತು ಅಂದುಕೊಂಡೆ. 2020ರ ಏಪ್ರಿಲ್‌ನಲ್ಲಿ ಬೇಸಿನ್ ಹಿಂದಿನ ಎಲ್ಬೋ ಸೀಳಿ ನೆಲವೆಲ್ಲ ನೀರು. ಕೊರೊನಾ ಕಾಲ, ಮೆಕ್ಯಾನಿಕ್ ಸಿಗುವ ಮಾತೇ ಇಲ್ಲ. ಉಬ್ಬಿದ ಪ್ಲೈವುಡ್ ಕಿತ್ತು, ಹೊಸದು ಹಾಕಿ, ಕ್ರಿಂಪ್ ಮಾಡುವ, ಅಂದರೆ ಜಾಯಿಂಟ್ ಮೇಲಿನ ರಿಂಗ್ ಒತ್ತಿ ಬಿಗಿಯುವ, ಇಕ್ಕಳ ಕೊಂಡು ನಾನೇ ಮಾಡಿಕೊಂಡೆ. ಎಲ್ಲಾ ಸೇರಿ 250 ಡಾಲರ್ ಆಗಿರಬಹುದು. ಕೆರೆಯ ಮಾತು ಆಡಿದ್ದ ಹುಬ್ಬಳ್ಳಿಯ ಗೆಳೆಯರು ಫೋನ್ ಮಾಡಿ ಕೇಳಿದರು, ಹೌದು ಅಂದೆ.

ಟೈರ್ ಪಂಪಿನ ತೊಂದರೆ ಒತ್ತಡದ್ದಲ್ಲ. ಅದರಲ್ಲಿ ಗಾಳಿಯ ಪ್ರಮಾಣ ಸಾಲದು. ಮಲಗಿರುವ ಪೈಪಿನಲ್ಲಿ ನೀರು ತಳದಲ್ಲಿ ಇರುತ್ತದೆ, ನಿಧಾನದ ಗಾಳಿ ಅದರ ಮೇಲೆ ಹಾಯ್ದು ಹೋಗುತ್ತದೆ. ನೀರನ್ನು ತಳ್ಳಿಕೊಂಡು ಹೋಗಬೇಕಾದರೆ ಒಂದೇ ಸಲ ಜೋರಾಗಿ ನುಗ್ಗಬೇಕು.

ಆ ವರ್ಷ ಆರು ಗ್ಯಾಲನ್ ಟ್ಯಾಂಕಿನ ಕಂಪ್ರೆಸರ್ ಹಳೆಯದು 60 ಡಾಲರ್‌ಗೆ ಸಿಕ್ಕಿತು. ಉತ್ಸಾಹದಲ್ಲಿ 80 ಪಿಎಸ್‌ಐ ಇಟ್ಟೆ. ಟಾಯ್ಲೆಟ್ ಪೈಪಿನ ಕ್ರಿಂಪ್ ಬಳಿ ಚಿರ್ ಅಂತ ಸದ್ದು. ಹೊಸ ಜಾಯಿಂಟ್, ನಾನೇ ಹಾಕಿದ್ದು. ಅವತ್ತು ಸಂಜೆ ಅದನ್ನು ಬಿಚ್ಚಿ ಸರಿಮಾಡಿ, ಉಳಿದದ್ದನ್ನು 40ರಲ್ಲಿ ಹೊಡೆದು, ಎಲ್ಲಾ ನಲ್ಲಿಯಲ್ಲೂ ತುಂತುರು ನಿಲ್ಲುವ ತನಕ ಬಿಟ್ಟು ಮಲಗಿದೆ. ಜಾಯಿಂಟ್ ಹಿಡಿದಿದೆಯಾ ನೋಡೋಣ ಅಂತ ಮಾರನೇ ಬೆಳಿಗ್ಗೆ ಇನ್ನೊಮ್ಮೆ ಗಾಳಿ ಕೊಟ್ಟೆ. ಲೋ ಪಾಯಿಂಟ್, ಅಂದರೆ ಪೈಪುಗಳ ಎಲ್ಲಕ್ಕಿಂತ ತಗ್ಗಿನ ಬಸಿಯುವ ಬಾಯಿ, ಅದರ ಮುಚ್ಚಳ ಬಿಚ್ಚಿದ್ದೇ ತಡ, ಬಿಸಿನೀರಿನ ಕಡೆಯಿಂದ ಬುಳಕ್ ಅಂತ ನೀರು.

ಓಡಿಹೋಗಿ ಅಡುಗೆಮನೆಯಿಂದ ಲೋಟ ತಂದು ಹಿಡಿದೆ. ಮುಕ್ಕಾಲು ಲೋಟ! ಹಿಂದಿನ ರಾತ್ರಿ ಒಣಗಿದೆ ಅಂದುಕೊಂಡಿದ್ದ ಪೈಪು ಅದು.

ಡ್ರೈವ್‌ವೇ ಮೇಲೆ ಕೂತು ಆ ಲೋಟವನ್ನು ತುಂಬಾ ಹೊತ್ತು ನೋಡಿದೆ. ಗೋಡೆಗೆ ಅಂಟಿದ್ದ ಹನಿ, ವಾಲ್ವ್‌ನಲ್ಲಿ ಸಿಕ್ಕಿಕೊಂಡಿದ್ದ ನೀರು, ಪೈಪು ಜೋತುಬಿದ್ದ ಜಾಗದ್ದು, ಎಲ್ಲಾ ರಾತ್ರಿಯಿಡೀ ನಿಧಾನಕ್ಕೆ ಇಳಿದು ಒಂದು ಕಡೆ ಸೇರಿತ್ತು. ಚಳಿ ಬಂದಾಗ ಅದು ಅಲ್ಲೇ ಕಲ್ಲಾಗುತ್ತಿತ್ತು. ಗಾಳಿ ಹೊಡೆದೂ ಒಡೆಯಿತು ಅನ್ನುವವರ ಗಾಡಿಗಳಲ್ಲಿ ಆಗುವುದು ಇದೇ ಅಂತ ನನಗೆ ಈಗ ಖಾತ್ರಿ. ಒಂದು ದಿನ ಹೊಡೆದು ಮುಚ್ಚಿಬಿಡುತ್ತಾರೆ.

ಊರಲ್ಲಿ ತೋಟದ ಕರಿ ಪೈಪು ಸುತ್ತಿಡುವ ಮುಂಚೆ ಒಂದು ತುದಿ ಹೆಗಲಿಗೆ ಹಾಕಿಕೊಂಡು ಉದ್ದಕ್ಕೂ ನಡೆದುಹೋಗುತ್ತೇವಲ್ಲ, ಇನ್ನೊಂದು ತುದಿಯಿಂದ ನೀರು ಬಸಿದು ಹೋಗಲಿ ಅಂತ? ಅದು ನೆನಪಾಯ್ತು. ಟ್ರೇಲರನ್ನು ಹೆಗಲಿಗೆ ಹಾಕಲಾಗದು, ಆದರೆ ಮುಂದಿನ ಜ್ಯಾಕ್ ಇದೆಯಲ್ಲ. ಅವತ್ತು ಮೂತಿ ಎಷ್ಟಾಗುತ್ತೋ ಅಷ್ಟು ಮೇಲೆತ್ತಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಮತ್ತೆ ಕಾಲು ಲೋಟ. ಮೂತಿ ಇಳಿಸಿ ಇನ್ನೊಂದು ರಾತ್ರಿ. ಈ ಸಲ ಎರಡು ಚಮಚ ಇದ್ದಿರಬಹುದು.

ಈಗ ನಾನು ಮಾಡುವುದು ಹೀಗೆ. ಟ್ಯಾಂಕ್ ಬಸಿದು, ಗೀಸರ್‌ನ ಬಸಿಯುವ ಬಾಯಿ ಮುಚ್ಚಿರುವ ಆನೋಡ್ ಕಡ್ಡಿ ಬಿಚ್ಚಿ ಖಾಲಿ ಮಾಡಿ, ಬೈಪಾಸ್ ಮಾಡುತ್ತೇನೆ. ಬೈಪಾಸ್ ವಾಲ್ವ್ ಪೂರ್ತಿ ತಿರುಗಿದೆಯಾ ಅಂತ ಕೈಯಲ್ಲಿ ಮುಟ್ಟಿ ನೋಡುತ್ತೇನೆ, ಕಣ್ಣನ್ನು ನಂಬುವುದಿಲ್ಲ. ಕಂಪ್ರೆಸರ್ ಟ್ಯಾಂಕ್ ತುಂಬುವ ತನಕ ಕಾಯುತ್ತೇನೆ, ರೆಗ್ಯುಲೇಟರ್ 40. ಒಂದೇ ಒಂದು ನಲ್ಲಿ ತೆಗೆದು ನಾಲ್ಕೈದು ಸೆಕೆಂಡ್ ಬಿಟ್ಟು ಮುಚ್ಚುತ್ತೇನೆ. ಮತ್ತೆ ಟ್ಯಾಂಕ್ ತುಂಬಲಿ. ಎರಡು ನಲ್ಲಿ ಒಟ್ಟಿಗೆ ತೆಗೆದರೆ ಗಾಳಿಗೆ ಬಲ ಇರುವುದಿಲ್ಲ. ಬಿಸಿ ಬೇರೆ, ತಣ್ಣಗಿನದು ಬೇರೆ. ಟಾಯ್ಲೆಟ್ ಪೆಡಲ್ ಒತ್ತಿ ಹಿಡಿಯುವುದು ಮಗನ ಕೆಲಸ. ಹೊರಗಿನ ಶವರ್‌ನ ಎರಡೂ ತಿರುಪು, ಹೋಸ್ ಕೆಳಗೆ ಜೋತುಬಿಟ್ಟು. ಯಾವ ನಲ್ಲಿ ಆದಮೇಲೆ ಯಾವುದು ಅನ್ನುವ ಕ್ರಮದಲ್ಲೂ ಒಂದು ಗುಟ್ಟಿದೆ. ಅದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕಂಪ್ರೆಸರ್‌ನಿಂದ ಸಿಟಿ ವಾಟರ್ ಬಾಯಿಗೆ (ಹೊರಗಿನ ನಲ್ಲಿಯ ಹೋಸ್ ಜೋಡಿಸುವ ಬಾಯಿ) ಹಾಕುವ ಜೋಡಣೆಯನ್ನೂ ಅಂಗಡಿಯ ಪ್ಲಾಸ್ಟಿಕ್ ಪ್ಲಗ್ ಬಿಟ್ಟು ನಾನೇ ಬೇರೆ ಥರ ಮಾಡಿಕೊಂಡಿದ್ದೇನೆ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಮೊದಲ ರಾತ್ರಿ ಮೂತಿ ಮೇಲೆ, ನಲ್ಲಿಗಳೆಲ್ಲ ತೆರೆದು. ಬೆಳಿಗ್ಗೆ ಲೋ ಪಾಯಿಂಟ್‌ನಿಂದಲೇ ಶುರುಮಾಡಿ ಇನ್ನೊಂದು ಸುತ್ತು. ಆಮೇಲೆ ಮೂತಿ ಕೆಳಗೆ, ಸಂಜೆಗೆ ಮತ್ತೊಂದು. ಲೋಟದಲ್ಲಿ ಚಮಚಕ್ಕಿಂತ ಜಾಸ್ತಿ ಬಂದರೆ ಮೂರನೇ ದಿನವೂ ಹೊಡೆಯುತ್ತೇನೆ. ಈ ಎರಡು ದಿನವೂ ರಾತ್ರಿ ಹೆಪ್ಪುಗಟ್ಟದ ಹವೆ ಇರಬೇಕು, ಹಾಗಾಗಿ ಈಗ ಎಂಇಎಗೆ ಮೊದಲೇ ಈ ಕೆಲಸ ಮುಗಿಸಿ, ಆ ಟ್ರಿಪ್‌ಗೆ ಪೈಪಿನಲ್ಲಿ ನೀರಿಲ್ಲದೆ, ಕ್ಯಾನ್ ತುಂಬಿಕೊಂಡು ಹೋಗುತ್ತೇವೆ. ಹೆಂಡತಿಗೆ ಮೊದಮೊದಲು ಬೇಜಾರಾಗಿತ್ತು. ಹೇಗೂ ಆ ಹೊತ್ತಿಗೆ ಎಷ್ಟೋ ಕ್ಯಾಂಪ್‌ಗಳಲ್ಲಿ ನೀರು ನಿಲ್ಲಿಸಿರುತ್ತಾರೆ, ಅಲ್ವಾ.

ಕೊನೆಗೆ ಗಾಳಿ ಪೂರ್ತಿ ಬಿಟ್ಟಮೇಲೆ, ಸಿಟಿ ವಾಟರ್ ಬಾಯಿಯ ಜಾಲರಿ ತೆಗೆದು ಒಳಗಿನ ಚೆಕ್ ವಾಲ್ವ್‌ನ (ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್) ಪುಟ್ಟ ಗುಬುಟನ್ನು ಬೆರಳಲ್ಲಿ ಒತ್ತುತ್ತೇನೆ. ಅದರ ಹಿಂದೆಯೂ ಸ್ವಲ್ಪ ನೀರು ಅಡಗಿರುತ್ತದೆ. ಮುಖ ಪಕ್ಕಕ್ಕಿಟ್ಟು ಒತ್ತಿ.

ಪಿಂಕನ್ನು ಪೂರ್ತಿ ಬಿಟ್ಟಿಲ್ಲ, ಸುಳ್ಳು ಹೇಳಬಾರದು. ಪಂಪಿನಲ್ಲಿ ಗಾಳಿಯ ಆಟ ನಡೆಯುವುದಿಲ್ಲ. ಸಿಟಿ ವಾಟರ್ ಬಾಯಿಂದ ಕೊಟ್ಟ ಗಾಳಿ ಪಂಪನ್ನು ದಾಟಿ ಹಿಂದಕ್ಕೆ ಹೋಗುವುದಿಲ್ಲ. ಅದಕ್ಕೆ ಪಂಪಿನ ಮುಂದಿನ ಸ್ಟ್ರೈನರ್ (ಕಸ ತಡೆಯುವ ಜಾಲರಿ) ಬಿಚ್ಚಿ ಒರೆಸಿ, ಪಂಪಿನ ಹೊರಬಾಯಿಯನ್ನೂ ಬಿಚ್ಚಿ ಮಗ್‌ಗೆ ಬಿಟ್ಟು, ಗಿಡ್ಡ ಪೈಪಿನಿಂದ ಅರ್ಧ ಲೀಟರ್ ಪಿಂಕ್ ಎಳೆಸಿ ನಿಲ್ಲಿಸುತ್ತೇನೆ. ನಲ್ಲಿಯ ಪೈಪಿಗೆ ಹೋಗಲು ಬಿಡುವುದಿಲ್ಲ. ಅಡುಗೆ ಸಿಂಕ್, ಬೇಸಿನ್, ಶವರ್ ಮೂರರ ಟ್ರ್ಯಾಪ್‌ಗೂ (ಕೆಳಗೆ ನೀರು ನಿಲ್ಲುವ ಬಾಗಿದ ಪೈಪು) ಒಂದೊಂದು ಲೋಟ, ಟಾಯ್ಲೆಟ್‌ಗೆ ಒಂದು. ವರ್ಷಕ್ಕೆ ಅರ್ಧ ಗ್ಯಾಲನ್ ಮುಟ್ಟುವುದಿಲ್ಲ. ಅಜ್ಜ ಕೊಟ್ಟ ಎರಡು ಗ್ಯಾಲನ್ ನಾಲ್ಕು ವರ್ಷ ಬಂತು.

ವಸಂತದಲ್ಲಿ ನೀರು ತುಂಬಿಸಿ, ನಲ್ಲಿಗಳನ್ನು ಮುಚ್ಚಿ, ಪಂಪ್ ಹಾಕಿ ಸುಮ್ನೆ ಕೂರುತ್ತೇನೆ. ಪಂಪು ಗುರುಗುಟ್ಟಿ ಒತ್ತಡ ಏರಿಸಿ ನಿಲ್ಲುತ್ತದೆ. ಎಲ್ಲೋ ಹನಿ ಸೋರುತ್ತಿದ್ದರೆ ಐದು ಹತ್ತು ನಿಮಿಷಕ್ಕೊಮ್ಮೆ ತಾನಾಗಿಯೇ ಮತ್ತೆ ಗುರ್ ಅನ್ನುತ್ತದೆ. ಮೊದಲ ವರ್ಷ ಒಂದು ಗಂಟೆ ಕಿವಿಗೊಟ್ಟು ಕೂತಿದ್ದೆ. ಸದ್ದಿಲ್ಲ. ಎರಡನೇ ವರ್ಷ ಹುಬ್ಬಳ್ಳಿಯ ಗೆಳೆಯರನ್ನೂ ಕರೆದು ಕೂರಿಸಿಕೊಂಡೆ. ಅದೇ ನಲ್ಲಿಯ ನೀರಲ್ಲಿ ಕಾಫಿ ಮಾಡಿ ಕೊಟ್ಟೆ. ಕಳೆದ ಅಕ್ಟೋಬರ್‌ನಲ್ಲಿ ಅವರದ್ದೂ ಸೇರಿ ಮೂರು ಗಾಡಿಗೆ ನಾನೇ ಗಾಳಿ ಹೊಡೆದೆ.

ಹೇಳಲು ಮರೆತಿದ್ದೆ. ಕೆಲಸ ಮುಗಿದ ಮೇಲೆ ಕಂಪ್ರೆಸರ್ ಟ್ಯಾಂಕಿನ ತಳದ ತಿರುಪು ಬಿಚ್ಚಿ ಅದರ ನೀರನ್ನೂ ಬಸಿದು ಒಳಗಿಡಿ. ಮೂರು ಗಾಡಿ ಆದಮೇಲೆ ನನ್ನದರಿಂದ ಅರ್ಧ ಲೋಟ ಕೆಂಪು ತುಕ್ಕಿನ ನೀರು ಬಂತು.